ಪ್ರೌಢಶಾಲೆಯಲ್ಲಿ ಸಂಶೋಧನೆಯ ಅಭ್ಯಾಸ

ಪಾಠವನ್ನು ಕಂಠಸ್ಥಗೊಳಿಸುವುದು ವಿದ್ಯೆಯ ಮೊದಲ ಮೆಟ್ಟಿಲು, ಅದೇ ಶಿಖರವಲ್ಲ. ಶ್ರವಣ, ಮನನ, ನಿದಿಧ್ಯಾಸನವೆಂದು ಪೂರ್ವಿಕರು ಹೇಳಿದ ಕ್ರಮದಲ್ಲಿ ಇಂದಿನ ಶಿಕ್ಷಣವು ಬಹುಮಟ್ಟಿಗೆ ಶ್ರವಣದಲ್ಲಿಯೇ ನಿಂತುಬಿಡುತ್ತದೆ. ಯೋಜನಾಕಾರ್ಯವನ್ನು ಕೊಟ್ಟರೆ ವಿದ್ಯಾರ್ಥಿಯು ಮಾರ್ಗದರ್ಶಿ ಪುಸ್ತಕದಿಂದಲೋ ಮೊಬೈಲಿನಿಂದಲೋ ನಾಲ್ಕು ಪುಟ ನಕಲಿಳಿಸಿ, ಬಣ್ಣದ ಚಿತ್ರ ಅಂಟಿಸಿ ಒಪ್ಪಿಸುತ್ತಾನೆ. ಅಕ್ಷರ ಅವನದು, ಅರಿವು ಪರರದು.

ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ವಿಜಯಪುರವು ಬಿಜಾಪುರವೆನಿಸಿದ್ದ ಕಾಲದಲ್ಲಿ ಇಲ್ಲಿಯೇ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು (1880-1964) ಊರೂರು ಅಲೆದು, ಮನೆ-ಮಠಗಳಲ್ಲಿದ್ದ ತಾಡೋಲೆಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದು 1949ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲೇ ಈ ಕಾರ್ಯ ನಡೆದಿತ್ತು. ಸಂಶೋಧನೆಗೆ ಬೇಕಾದದ್ದು ದೊಡ್ಡ ಕಟ್ಟಡವಲ್ಲ, ಜಿಜ್ಞಾಸೆ ಮತ್ತು ಶ್ರದ್ಧೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಸಂಶೋಧನೆಯ ಮೊದಲ ಅಂಗ ಪ್ರಶ್ನೆ. ಪ್ರಶ್ನೆ ಚಿಕ್ಕದಾಗಿರಬೇಕು, ಉತ್ತರವು ಬಾಲಕನ ನಡಿಗೆಯ ಅಳವಿನಲ್ಲಿರಬೇಕು. 'ಗೋಳಗುಮ್ಮಟದ ಇತಿಹಾಸ' ಎಂದರೆ ನಕಲಿಗೆ ಆಹ್ವಾನವಿತ್ತಂತೆ. 'ಒಂದು ಗೋಡೆಯ ಬಳಿ ಆಡಿದ ಪಿಸುಮಾತು ಎದುರಿನ ಗೋಡೆಯ ಬಳಿ ಕೇಳುವುದೇಕೆ?' ಎಂದರೆ ಕಿವಿ ನಿಮಿರುತ್ತದೆ. ತಿಕೋಟಾದ ವಿದ್ಯಾರ್ಥಿಗೆ 'ದ್ರಾಕ್ಷಿ ಬೇಸಾಯ' ಎಂಬ ವಿಷಯಕ್ಕಿಂತ, 'ನಮ್ಮ ಓಣಿಯ ಹತ್ತು ಮನೆಯವರು ದ್ರಾಕ್ಷಿ ಹಚ್ಚಿದ್ದು ಯಾವಾಗ, ಏಕೆ?' ಎಂಬುದು ಮೇಲು.

ಎರಡನೆಯ ಅಂಗ ಪ್ರಮಾಣ. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರನ್ನೂ ಮಕ್ಕಳಿಗೆ ಸುಲಭವಾಗಿ ತಿಳಿಸಬಹುದು: ಕಣ್ಣಾರೆ ಕಂಡದ್ದು, ಕಂಡದ್ದರಿಂದ ಊಹಿಸಿದ್ದು, ಬಲ್ಲವರು ಹೇಳಿದ್ದು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ನಾಣ್ಣುಡಿ ಈ ಸೀಮೆಯಲ್ಲಿ ಪ್ರಸಿದ್ಧ. ಬಬಲೇಶ್ವರದ ವಿದ್ಯಾರ್ಥಿಗಳು ಇದನ್ನೇ ಪರೀಕ್ಷಿಸಲಿ. ಹಿರಿಯರು ನೆರೆಯ ಮಣ್ಣಿನಿಂದ ಹಿಂಗಾರಿ ಬೆಳೆ ಹುಲುಸಾಯಿತೆಂದಾರು. ಕಿರಿಯ ರೈತರು ಪಾತ್ರದಲ್ಲಿ ಹೂಳು ತುಂಬಿ, ನೀರು ಹೊಲಕ್ಕೆ ನುಗ್ಗಿ ಹಾನಿಯಾಯಿತೆಂದಾರು. ಇಬ್ಬರಲ್ಲಿ ಒಬ್ಬರ ಮಾತನ್ನು ಅಳಿಸಿಬಿಡುವುದು ಸಂಶೋಧನೆಯಲ್ಲ. ಎರಡನ್ನೂ ಬರೆದು, ಹೇಳಿದವರ ವಯಸ್ಸು, ಹೊಲವಿರುವ ಸ್ಥಳ, ನೆರೆ ಬಂದ ವರ್ಷ ಇವನ್ನು ಗುರುತಿಸಿ, ಮಳೆಯ ಲೆಕ್ಕ ಹಾಗೂ ಪಹಣಿಯ ಬೆಳೆ ದಾಖಲೆಯೊಡನೆ ಹೋಲಿಸಬೇಕು. ಹಸ್ತಪ್ರತಿಗಳ ಪಾಠಾಂತರಗಳನ್ನು ಪರಿಷ್ಕರಿಸುವ ವಿಧಾನವೂ ಇದೇ.

ಮೂರನೆಯ ಅಂಗ ನಿರ್ಣಯ. ಇದರ ಜೀವಾಳ ಪ್ರಾಮಾಣಿಕತೆ. ಯಾವ ಮಾತು ಯಾರಿಂದ, ಎಲ್ಲಿಂದ ಬಂತೆಂಬುದನ್ನು ಹೇಳಬೇಕು. 'ಇಷ್ಟು ತಿಳಿಯಿತು, ಇಷ್ಟು ತಿಳಿಯಲಿಲ್ಲ' ಎಂದು ಬರೆದ ವಿದ್ಯಾರ್ಥಿಗೆ ಅಂಕ ಕಡಿಮೆ ಕೊಡುವ ಶಿಕ್ಷಕನು ಮುಂದಿನ ವರ್ಷ ಸುಳ್ಳನ್ನೇ ಬೆಳೆಯಾಗಿ ಕೊಯ್ಯುತ್ತಾನೆ. ಊರಿನ ಶಾಸನವು ಸ್ಥಳಪುರಾಣಕ್ಕೆ ವಿರುದ್ಧವಾಗಿ ನುಡಿದರೆ ಬಾಲಕನ ಬಾಯಿ ಮುಚ್ಚಿಸಲಾಗದು. ವಿನಯದಿಂದ ಕೇಳಿದ ಪ್ರಶ್ನೆ ಗುರುವಿಗೆ ಅಪಚಾರವಲ್ಲ, ಅದೇ ಗುರುದಕ್ಷಿಣೆ. 'ನನಗೂ ತಿಳಿಯದು, ಕೂಡಿ ನೋಡೋಣ' ಎನ್ನುವ ಗುರುವಿನಿಂದ ಶಿಷ್ಯನು ಪಡೆಯುವ ಧೈರ್ಯವು ಹತ್ತು ಪಾಠಗಳಿಗೆ ಸಮಾನ.

ವಿಳಂಬಕ್ಕೆ ಅವಕಾಶವಿಲ್ಲ. ತಾಡೋಲೆಯನ್ನು ಹುಳು ತಿನ್ನುವಂತೆ ನೆನಪನ್ನು ಕಾಲ ತಿನ್ನುತ್ತದೆ. ಹಳಕಟ್ಟಿಯವರು ತಡಮಾಡಿದ್ದರೆ ಎಷ್ಟು ಓಲೆಗಳು ಮಣ್ಣುಪಾಲಾಗುತ್ತಿದ್ದವೋ! ಪ್ರತಿ ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಎಂಬತ್ತರ ವೃದ್ಧರಲ್ಲಿ ಯಾರೂ ಬರೆದಿಡದ ಗ್ರಂಥಗಳಿವೆ. ಅವರ ಜನ್ಮದಿನವಾದ ಜುಲೈ 2ರಂದು ಪ್ರತಿ ವಿದ್ಯಾರ್ಥಿಯ ಕೈಗೆ ಒಂದು ಬಿಳಿಹಾಳೆಯ ನೋಟುಬುಕ್ಕನ್ನು ಕೊಟ್ಟು, ಒಂದು ಪ್ರಶ್ನೆಯೊಡನೆ ಓಣಿಗೆ ಕಳುಹಿಸಿದರೆ, ಹಾರ ಹಾಕುವುದಕ್ಕಿಂತ ಹಿರಿದಾದ ಗೌರವವು ಆ ಮಹನೀಯರಿಗೆ ಸಲ್ಲುತ್ತದೆ.