ಹಳೆಯ ಮನೆಗೆ ಮೇಸ್ತ್ರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಕಟ್ಟಿದ ಮನೆಯನ್ನು ಒಡೆದು ತಿದ್ದಿಸುವ ಪಾಡನ್ನು ಏಕೋ ಗಾದೆಗೆ ಸೇರಿಸದೆ ಬಿಟ್ಟರು. ಆ ಪಾಡನ್ನು ನಾನು ಪಟ್ಟಿದ್ದೇನೆ. ಆದುದರಿಂದ ಮನೆಯ ರಿಪೇರಿಗೆ ನಂಬಿಕಸ್ಥ ಗುತ್ತಿಗೆದಾರರನ್ನು ಆರಿಸಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಲು ನನಗೆ ಅಧಿಕಾರವುಂಟೆಂದು ಭಾವಿಸಿದ್ದೇನೆ. ಅದು ಬಲ್ಲವನ ಅಧಿಕಾರವಲ್ಲ, ಬೆಪ್ಪಾದವನದು.

ಮೈಸೂರಿನ ನಮ್ಮ ಮನೆ ತಾತನವರ ಕಾಲದ್ದು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ. ಮೇಲೆ ಮದ್ರಾಸು ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆಗಳನ್ನಿರಿಸಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಬೆಸೆದು, ಅದರ ಮೇಲೆ ಇಟ್ಟಿಗೆಚೂರು ಬೆರೆತ ಸುಣ್ಣದ ಕಾಂಕ್ರೀಟನ್ನು ಹರಡಿ, ಬಡಿದು ಗಟ್ಟಿಮಾಡಿದ ಚಾವಣಿಯದು. ಪಡಸಾಲೆಗೂ ಪಕ್ಕದ ಕೋಣೆಗೂ ನಡುವಣ ಗೋಡೆಯನ್ನು ತೆಗೆಸಿ ಮನೆಯನ್ನು ವಿಶಾಲ ಮಾಡಬೇಕೆಂಬ ಆಸೆ ನನಗೆ ಹುಟ್ಟಿತು. ಮೂವರನ್ನು ಕರೆಸಿದೆ. ಒಬ್ಬರು ಹೊಸ್ತಿಲಲ್ಲಿ ನಿಂತೇ ಎಲ್ಲರಿಗಿಂತ ಕಡಿಮೆಯ ಮೊತ್ತ ಹೇಳಿ, “ನಾಳೆಯೇ ಶುರು ಮಾಡೋಣ” ಎಂದರು. ಇನ್ನೊಬ್ಬ ಹಿರಿಯ ಮೇಸ್ತ್ರಿ ಏಣಿ ತರಿಸಿಕೊಂಡು ಹತ್ತಿ, ತೊಲೆಯ ತುದಿಗಳನ್ನು ತಟ್ಟಿ ನೋಡಿ, “ಇದು ಭಾರ ಹೊತ್ತ ಗೋಡೆ ಸ್ವಾಮಿ. ಮೊದಲು ಎಂಜಿನಿಯರಿಗೆ ತೋರಿಸಿ, ಲೆಕ್ಕ ಆಮೇಲೆ ಹೇಳ್ತೀನಿ” ಎಂದರು. ಕೆಲಸದಲ್ಲಿ ಮನಸ್ಸಿಲ್ಲದವರ ಮಾತಿನಂತೆ ನನಗದು ಕೇಳಿಸಿತು. ಅಗ್ಗದವರಿಗೆ ಅರ್ಧ ಹಣವನ್ನು ಮುಂಗಡವಾಗಿ ಎಣಿಸಿ ಕೊಟ್ಟೆ.

ಮೂರನೆಯ ದಿನ ಗೋಡೆಗೆ ಹಾರೆ ಬಿತ್ತು. ಮಧ್ಯಾಹ್ನ ಆಳುಗಳು ಊಟಕ್ಕೆದ್ದ ಹೊತ್ತಿನಲ್ಲಿ, ಎಂಬತ್ತು ದಾಟಿದ ನನ್ನ ತಾಯಿಯವರು ಧೂಳು ಗುಡಿಸಲೆಂದು ಪೊರಕೆ ಹಿಡಿದು ಅಲ್ಲಿಗೆ ಬಂದರು. ಅದೇ ಕ್ಷಣದಲ್ಲಿ ತೊಲೆಯೊಂದು ಕಿರುಗುಟ್ಟಿ, ಹಿಡಿಹಿಡಿಯಾಗಿ ಗಾರೆ ಉದುರತೊಡಗಿತು. ಅವರನ್ನು ಕೈಹಿಡಿದು ಹೊರಗೆ ಎಳೆದುಕೊಂಡು ಬಂದ ಮೇಲೆಯೂ ನನ್ನ ಕೈ ನಡುಗುತ್ತಲೇ ಇತ್ತು. ಗುತ್ತಿಗೆದಾರರು ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಸಂಜೆ ಹಿರಿಯ ಮೇಸ್ತ್ರಿಯವರ ಬಾಗಿಲಿಗೆ ನಾನೇ ಹೋಗಿ ನಿಂತೆ. ಅವರು ಹಂಗಿಸುವ ಒಂದು ಮಾತನ್ನೂ ಆಡದೆ, ಕತ್ತಲಾಗುವುದರೊಳಗೆ ತೊಲೆಗಳಿಗೆ ಕಂಬಗಳ ಆನಿಕೆ ಕೊಟ್ಟರು.

ಹೀಗೆ ಕಲಿತದ್ದರಲ್ಲಿ ಮೊದಲನೆಯದು ಇದು: ಒಳ್ಳೆಯ ಕೆಲಸಗಾರರು ಬೆಲೆ ಹೇಳುವ ಮುನ್ನ ಪ್ರಶ್ನೆ ಕೇಳುತ್ತಾರೆ. ನಾವೂ ಒಂದು ಪ್ರಶ್ನೆ ಕೇಳಬಹುದು. ಹಳೆಯ ಸುಣ್ಣದ ಗೋಡೆಗೆ ಸಿಮೆಂಟಿನ ಗಿಲಾವು ಮಾಡಬಹುದೆ? ಸುಣ್ಣದ ಗೋಡೆ ತೇವವನ್ನು ಹೀರಿ ಹೊರಗೆ ಬಿಡುವಂಥದು. ಬಿಗಿಯಾದ ಸಿಮೆಂಟು ಆ ದಾರಿಯನ್ನು ಮುಚ್ಚಿದರೆ, ತೇವ ಒಳಗೇ ನಿಂತು ಗಿಲಾವು ಉಬ್ಬಿ ಉದುರುತ್ತದೆ. ಇದನ್ನು ಬಲ್ಲವರಿಗೆ ಹಳೆಯ ಮನೆಯನ್ನು ಒಪ್ಪಿಸಬಹುದು.

ಎರಡನೆಯದಾಗಿ, ಅವರು ಹಿಂದೆ ಮಾಡಿದ ಕೆಲಸವನ್ನು ಕಣ್ಣಾರೆ ನೋಡಬೇಕು. ಬಣ್ಣದ ವಾಸನೆ ಆರದ ಮನೆಯಿಂದ ಏನೂ ತಿಳಿಯದು; ಮೂರು ಮಳೆಗಾಲ ಕಂಡ ಮನೆಗೆ ಹೋಗಿ ಬನ್ನಿ. ಸೋರಿದಾಗ ಕರೆದರೆ ಬಂದರೆ, ಹೇಳಿದ ದಿನಕ್ಕೆ ಮುಗಿಸಿದರೆ, ಕೆಲಸದ ಬಳಿ ತಾವೇ ನಿಂತಿದ್ದರೆ ಎಂದು ಮನೆಯಾಕೆಯನ್ನು ಕೇಳಿ. ಯಜಮಾನರು ಮರೆತದ್ದನ್ನು ಆಕೆ ಮರೆತಿರುವುದಿಲ್ಲ.

ಮೂರನೆಯದು ಬರವಣಿಗೆ. ‘ಒಟ್ಟು ಇಷ್ಟು’ ಎಂಬ ಚೀಟಿ ಸಾಲದು. ಕೂಲಿ ಮಾತ್ರದ ಗುತ್ತಿಗೆಯೋ, ಸಾಮಾನೂ ಸೇರಿದ್ದೋ; ಇಟ್ಟಿಗೆ ಕಟ್ಟಡಕ್ಕೆ ಸಿಮೆಂಟು ಒಂದಕ್ಕೆ ಮರಳು ಎಷ್ಟು; ಒಡೆದ ಮಣ್ಣನ್ನು ಸಾಗಿಸುವವರು ಯಾರು; ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕಾದರೆ ತರುವವರು ಯಾರು; ಇವೆಲ್ಲವೂ ಬಾಬುವಾರು ಇರಬೇಕು. ಒಂದೇ ಪಟ್ಟಿಗೆ ಮೂವರೂ ದರ ಬರೆದಾಗಲೇ ಯಾವುದು ಅಗ್ಗ, ಯಾವುದು ದುಬಾರಿ ಎಂಬುದು ನಿಜವಾಗಿ ತಿಳಿಯುವುದು. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಟ್ಟು, ಕೊನೆಯ ಕಂತನ್ನು ಮೊದಲ ಮಳೆಯವರೆಗೆ ಉಳಿಸಿಕೊಳ್ಳುವ ಕರಾರು ಮಾಡಿಕೊಳ್ಳುವುದು ಲೇಸು.

ಇನ್ನು ಕೆಲಸ ನಡೆಯುವಾಗಿನ ಪರೀಕ್ಷೆ. ಸಿಮೆಂಟು ಒಣಗಿ ಗಟ್ಟಿಯಾಗುವುದೆಂದು ಹಲವರ ಎಣಿಕೆ. ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುವ ವಸ್ತು. ಕಾಂಕ್ರೀಟನ್ನು ಕನಿಷ್ಠ 7 ದಿನ, ಹಾರುಬೂದಿ ಅಥವಾ ಕಿಟ್ಟ ಬೆರೆತ ಸಿಮೆಂಟಾದರೆ 10 ದಿನ, ಒದ್ದೆಯಾಗಿಡಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ. ಎರಡನೆಯ ದಿನಕ್ಕೇ ನೀರು ನಿಲ್ಲಿಸುವವರ ಆತುರವನ್ನು ಮುಂದೆ ಮನೆಯವರು ಅನುಭವಿಸಬೇಕಾಗುತ್ತದೆ.

ಹಣ ಪಡೆದು ಮಾಡುವ ಮನೆ ನಿರ್ಮಾಣವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ‘ಸೇವೆ’ಯೆಂದೇ ಎಣಿಸುತ್ತದೆ, ಲೋಪವಾದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಆದರೆ ಕೈಯಲ್ಲಿ ಕರಾರೂ ರಸೀತಿಯೂ ಇರಬೇಕು. ನನ್ನಲ್ಲಿ ಎರಡೂ ಇರಲಿಲ್ಲ. ಕೊಟ್ಟ ಮುಂಗಡ ಹೋದಂತೆಯೇ ಆಯಿತು.

ಎಂಜಿನಿಯರು ಸೂಚಿಸಿದ ಉಕ್ಕಿನ ತೊಲೆಯನ್ನಿರಿಸಿ, ಹಿರಿಯ ಮೇಸ್ತ್ರಿಯವರು ಗೋಡೆಯ ಅರ್ಧವನ್ನಷ್ಟೇ ತೆರೆದರು. ಉಳಿದರ್ಧಕ್ಕೆ ಒರಗಿ ಕುಳಿತು ನನ್ನ ತಾಯಿಯವರು ಈಗಲೂ ಅವರೆಕಾಯಿ ಸುಲಿಯುತ್ತಾರೆ. ಮೊದಲ ಮಳೆ ಕಳೆದ ಮೇಲೆ ಕೊನೆಯ ಕಂತಿಗೆಂದು ಬಂದ ಮೇಸ್ತ್ರಿಯವರು, ಹಣ ಮುಟ್ಟುವ ಮುನ್ನ ಮತ್ತೆ ಏಣಿ ಕೇಳಿದರು. ಕೇಳುಗರೂ ಮೇಸ್ತ್ರಿಯನ್ನು ಹುಡುಕುವಾಗ, ಬಂದವರು ಮೊದಲು ಏನು ಕೇಳುತ್ತಾರೆಂಬುದನ್ನು ಗಮನಿಸಬೇಕೆಂದು ಅರಿಕೆ ಮಾಡಿ ನನ್ನ ಮಾತನ್ನು ಮುಗಿಸುತ್ತೇನೆ.