ಗಿರಾಕಿ ದಾರಿ ಬದಲಿಸಿದಾಗ

2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಕೋಡ್ ಇಳಿದು, ಆ ಜಾಗಕ್ಕೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ಯುಪಿಐನಲ್ಲಿ ಜಮೆಯಾದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಗಿ, ಗಲಾಟೆಯಾಗಿ, ಕೊನೆಗೆ ಸರ್ಕಾರವೇ ಸಮಾಧಾನ ಹೇಳಬೇಕಾಯಿತು.

ವ್ಯಾಪಾರಿಗಳ ದಿಗಿಲು ಅರ್ಥವಾಗುವಂಥದ್ದೇ. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ದೇಶದ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಸಲ ಒಂದೇ ತಿಂಗಳಲ್ಲಿ 2000 ಕೋಟಿ ದಾಟಿತು. ಜೇಬಿನಲ್ಲಿ ನೋಟು ಇಟ್ಟುಕೊಳ್ಳುವುದನ್ನೇ ಮರೆತ ಗಿರಾಕಿ ಆ ಚೀಟಿ ಓದಿದರೆ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ, ಅಷ್ಟೆ. ತೆರಿಗೆಯ ನಿಯಮವೂ ದಿಗಿಲು ಬೀಳುವಂಥದ್ದಲ್ಲ. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಯದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಒಂದೂವರೆ ಕೋಟಿಯೊಳಗಿನ ವರ್ತಕರು ಕಾಂಪೋಸಿಷನ್ ಪದ್ಧತಿಗೆ ಸೇರಿ ವಹಿವಾಟಿನ ಮೇಲೆ ಶೇ 1ರಷ್ಟು ಕಟ್ಟಿ ನಿರಾಳವಾಗಿರಬಹುದು. ಹೊರರಾಜ್ಯಕ್ಕೆ ಮಾತ್ರ ಮಾರುವಂತಿಲ್ಲ. ಒಬ್ಬ ಲೆಕ್ಕಿಗರ ಜೊತೆ ಅರ್ಧ ಗಂಟೆ ಕೂತರೆ ಬಗೆಹರಿಯುವ ವಿಷಯಕ್ಕೆ ಬಂದ ಗಿರಾಕಿಯನ್ನು ಬಾಗಿಲಿಂದ ಕಳಿಸುವುದು ದುಬಾರಿ.

ಕಾಲ ತಿರುಗಿದಾಗ ಹೊಸ ದಾರಿ ಹಿಡಿದವರ ಕತೆ ಬೆಂಗಳೂರಿಗೆ ಹೊಸದೇನಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಅನ್ನೇ ನೋಡಿ. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಅಲ್ಲಿಯೇ ರವೆ ಇಡ್ಲಿ ಹುಟ್ಟಿತೆಂದು ಹೋಟೆಲಿನವರು ಹೇಳುತ್ತಾರೆ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ತುರ್ತು ಪರಿಸ್ಥಿತಿಯಲ್ಲಿ. ಹೋಟೆಲ್ ತಿಂಡಿಗೆ ಸರ್ಕಾರ ನಿಗದಿ ಮಾಡಿದ ಬೆಲೆಯಲ್ಲಿ ತಮ್ಮ ಗುಣಮಟ್ಟದ ತಿಂಡಿ ಕೊಡುವುದು ಗಿಟ್ಟುತ್ತಿರಲಿಲ್ಲ. ತುಪ್ಪ ಕಡಿಮೆ ಮಾಡಿ, ದೋಸೆ ಸಣ್ಣದು ಮಾಡಿ ಹೇಗೋ ದಿನ ತಳ್ಳಬಹುದಿತ್ತು. ಮಯ್ಯರು ಹೋಟೆಲನ್ನೇ ಮುಚ್ಚಿದರು. ಕೆಲಸಗಾರರನ್ನು ಬೀದಿಗೆ ಬಿಡಲಾಗದೆ ಅದೇ ಕೈರುಚಿಯನ್ನು ಪುಡಿ, ಮಿಕ್ಸ್‌ಗಳ ಪೊಟ್ಟಣದಲ್ಲಿ ಕಟ್ಟಿ ಅಂಗಡಿಯಲ್ಲಿಟ್ಟರು. ಹೋಟೆಲು ಮುಂದೆ ಮತ್ತೆ ತೆರೆಯಿತು. ಪೊಟ್ಟಣದ ವ್ಯಾಪಾರ ಅದನ್ನು ಮೀರಿ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು.

ಇಲ್ಲಿ ಗಮನಿಸಬೇಕಾದದ್ದು ಜಾಹೀರಾತಿನ ಜಾಣತನವನ್ನಲ್ಲ. ಗಿರಾಕಿ ಮೆಚ್ಚಿದ್ದು ಮಯ್ಯರ ರುಚಿಯನ್ನು, ಮೇಜು ಕುರ್ಚಿಯನ್ನಲ್ಲ. ತಮ್ಮಲ್ಲಿ ಜನ ಕೊಳ್ಳುತ್ತಿರುವುದು ನಿಜವಾಗಿ ಏನನ್ನು ಎಂಬುದು ತಿಳಿದಿದ್ದರಿಂದ ಅದನ್ನು ಬೇರೆ ರೂಪದಲ್ಲಿ ಮನೆ ತಲುಪಿಸುವುದು ಅವರಿಗೆ ಸಾಧ್ಯವಾಯಿತು. ದರ್ಜಿ ಅಂಗಡಿಗೆ ಬರುವವರು ಅಳತೆಗೆ ಬರುತ್ತಾರೋ, ಹೇಳಿದ ದಿನಕ್ಕೆ ರವಿಕೆ ಕೈಸೇರುತ್ತದೆಂದು ಬರುತ್ತಾರೋ? ಈ ಪ್ರಶ್ನೆಗೆ ಉತ್ತರ ಸಿಗದೆ ಫ್ಲೆಕ್ಸ್ ಬರೆಸಿದರೆ ಅದರಲ್ಲಿ ಮಾಲೀಕರ ಭಾವಚಿತ್ರ ಮಾತ್ರ ದೊಡ್ಡದಾಗುತ್ತದೆ.

ದೋಸೆ ಹಿಟ್ಟಿನ ಕಂಪನಿ ಐಡಿ ಫ್ರೆಶ್‌ನ ಆರಂಭವೂ ಇಂಥದೇ ಒಂದು ಗಮನಿಕೆಯಿಂದ. ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ರಬ್ಬರ್ ಬ್ಯಾಂಡ್ ಸುತ್ತಿದ ದೋಸೆ ಹಿಟ್ಟು ದಿನಸಿ ಅಂಗಡಿಗಳಿಗೆ ಬರುತ್ತಿತ್ತು, ಕೊಂಡವರು ದೂರುತ್ತಿದ್ದರು. ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಬಂಧುಗಳು 2005ರಲ್ಲಿ ಬೆಂಗಳೂರಿನ ಪುಟ್ಟ ಅಡುಗೆಮನೆಯೊಂದರಲ್ಲಿ ಹಿಟ್ಟು ರುಬ್ಬಲು ನಿಂತರು. ಮೊದಲ ಗುರಿ 20 ಅಂಗಡಿ, ದಿನಕ್ಕೆ 100 ಪೊಟ್ಟಣ. ಅಲ್ಲಿಗೆ ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಹೊಸ ಉದ್ದಿಮೆದಾರರು ಮೂರನೇ ತಿಂಗಳಿಗೇ ಕೈಚೆಲ್ಲುವುದನ್ನು ಕಂಡವರಿಗೆ ಈ ಒಂಬತ್ತರ ಬೆಲೆ ಗೊತ್ತು.

ಇನ್ನು ರಿಯಾಯಿತಿಯ ಚಟ. ಆನ್‌ಲೈನ್ ಕಂಪನಿಗಳು ಕೊಡುತ್ತವೆಂದು ಸಣ್ಣ ಅಂಗಡಿಯೂ ಕೊಡಲು ಹೊರಟರೆ ಲೆಕ್ಕ ಹೀಗಾಗುತ್ತದೆ: 80 ರೂಪಾಯಿಗೆ ತಂದ ಮಾಲನ್ನು 100ಕ್ಕೆ ಮಾರಿದರೆ ಲಾಭ 20. ಶೇ 10 ಬಿಟ್ಟುಕೊಟ್ಟರೆ ಉಳಿಯುವುದು 10. ಮೊದಲಿನಷ್ಟೇ ಲಾಭ ನೋಡಬೇಕಾದರೆ ವ್ಯಾಪಾರ ಎರಡರಷ್ಟಾಗಬೇಕು. ದಿನಸಿಯಲ್ಲಂತೂ ಅಷ್ಟು ಲಾಭಾಂಶವೂ ಇರುವುದಿಲ್ಲ. ಹೂಡಿಕೆದಾರರ ದುಡ್ಡಿನಲ್ಲಿ ನಷ್ಟ ತುಂಬಿಕೊಳ್ಳುವವರ ಜೊತೆ ಬೆಲೆಯ ಕುಸ್ತಿಗೆ ಇಳಿಯುವುದು ಮೂರ್ಖತನ ಎಂದು ನೇರವಾಗಿಯೇ ಹೇಳಬೇಕು. ಹತ್ತು ನಿಮಿಷದ ಡೆಲಿವರಿಗೆ ಆಗದ ಕೆಲಸಗಳು ಬೇಕಷ್ಟಿವೆ. ವರಮಹಾಲಕ್ಷ್ಮಿ ಹಬ್ಬದ ಪೂಜಾ ಸಾಮಾನನ್ನು ಮನೆಯ ರೂಢಿ ತಿಳಿದು ಒಂದೇ ಗಂಟು ಮಾಡಿಕೊಡುವುದು, ಮದುವೆಮನೆಯಲ್ಲಿ ಉಳಿದ ಮೂಟೆ ವಾಪಸು ತೆಗೆದುಕೊಳ್ಳುವುದು, ‘ಈ ಸಲದ ಬೇಳೆ ಬೇಗ ಬೇಯೋದಿಲ್ಲ, ಬೇಡ ಅಕ್ಕ’ ಎಂದು ತಾನೇ ತಡೆಯುವುದು. ಕೊನೆಯದಂತೂ ಯಾವ ಆ್ಯಪ್‌ನಲ್ಲೂ ಸಿಗದು.

ಬೆಲೆ ಏರಿಸಬೇಕಾಗಿ ಬಂದರೆ? ದೊಡ್ಡ ಕಂಪನಿಗಳು ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣದ ತೂಕ ಸದ್ದಿಲ್ಲದೆ ಇಳಿಸುತ್ತವೆ. ದಿನಾ ಎದುರಿಗೇ ನಿಲ್ಲುವ ಗಿರಾಕಿಯ ಮುಂದೆ ಅದು ನಡೆಯುವುದಿಲ್ಲ. ಚಕ್ಕುಲಿ ಸಣ್ಣದಾದದ್ದು ಮೊದಲ ದಿನವೇ ಗೊತ್ತಾಗುತ್ತದೆ. ‘ಎಣ್ಣೆ ದರ ಏರಿದೆ, ಸೋಮವಾರದಿಂದ ಕಾಲು ಕಿಲೋಗೆ ಐದು ರೂಪಾಯಿ ಹೆಚ್ಚು’ ಎಂದು ಮೊದಲೇ ಬರೆದು ಹಾಕುವುದು ವಾಸಿ. ಇಳಿದಾಗಲೂ ಅಷ್ಟೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಬಂತು. ಅಂಥ ಹೊತ್ತಿನಲ್ಲಿ ಹಳೆಯ ದರ, ಹೊಸ ದರ ಎರಡನ್ನೂ ಬಾಗಿಲಲ್ಲಿ ಬರೆದಿಟ್ಟರೆ ಖರ್ಚಿಲ್ಲದ ಪ್ರಚಾರ.

ಒಂದೇ ಸರಕಿಗೆ ಒಂದೇ ದಾರಿ ಎಂದೇನೂ ಇಲ್ಲ. ಧಾರವಾಡ ಪೇಡೆಯನ್ನು ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಕುಟುಂಬ ಊರಿಗೆ ಪರಿಚಯಿಸಿತು. ಲೈನ್ ಬಜಾರಿನ ಅವರ ಅಂಗಡಿ ಸಾಲು ನಿಲ್ಲುವ ಗಿರಾಕಿಗಳಿಂದಲೇ ಹೆಸರಾಯಿತು. ಮಿಶ್ರಾ ಪೇಡೆಯವರು ಊರೂರಿಗೆ ಮಳಿಗೆ ಹಬ್ಬಿಸಿದರು. ಎರಡೂ ಬದುಕಿವೆ. ಮಿತವಾಗಿ ಮಾಡಿ ಗಿರಾಕಿಯನ್ನು ಕಾಯಿಸಬಲ್ಲವರು ಬೆಳೆಯಲೇಬೇಕೆಂಬ ಉಪದೇಶವನ್ನು ಧಾರಾಳವಾಗಿ ಕಡೆಗಣಿಸಬಹುದು.

ಮೊಬೈಲಿನ ಕೆಲಸ ಜನ ಅಂದುಕೊಂಡಷ್ಟು ಕಷ್ಟದ್ದಲ್ಲ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ನೋಂದಾಯಿಸಲು ಹಣ ಕೊಡಬೇಕಿಲ್ಲ. ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುವಂತಿರಲಿ, ಹಬ್ಬದ ರಜೆ ಮೊದಲೇ ನಮೂದಾಗಿರಲಿ. ದೂರದಿಂದ ಬಂದು ಷಟರ್ ನೋಡಿ ಹೋದವರು ಮರಳಿ ಬರುವುದು ಕಡಿಮೆ. ಕೆಟ್ಟ ವಿಮರ್ಶೆಗೆ ಜಗಳವಾಡದೆ ಉತ್ತರಿಸಬೇಕು, ದುಡ್ಡು ಕೊಟ್ಟು ಹೊಗಳಿಕೆ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸರಕಿನ ಚಿತ್ರ, ದರ ಜೋಡಿಸಿಡಬಹುದು. ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದು ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಆದ್ದರಿಂದ ಬಿಲ್ಲು ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ಳಿ’ ಎನ್ನಬೇಕು. ದಿನಾ ‘ಶುಭೋದಯ’ ಕಳಿಸಿದರೆ ಬ್ಲಾಕ್ ಆಗುವುದು ಖಚಿತ.

ಕರಪತ್ರ, ರಿಕ್ಷಾದ ಮೈಕು, ಇನ್‌ಸ್ಟಾಗ್ರಾಂ ರೀಲ್ಸ್: ಇವುಗಳಲ್ಲಿ ಯಾವುದು ಗಿಟ್ಟುತ್ತದೆ ಎಂಬುದು ಊರಿಂದ ಊರಿಗೆ ಬೇರೆ. ತಿಳಿಯಲು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಸಾಕು. ಹೊಸ ಮುಖ ಕಂಡಾಗಲೆಲ್ಲ ‘ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?’ ಎಂದು ಕೇಳಿ ಗೀಟು ಹಾಕುತ್ತ ಹೋಗುವುದು. ವ್ಯಾಪಾರ ಮಂದವಿರುವ ಆಷಾಢದಲ್ಲಿ ಇದನ್ನು ಶುರು ಮಾಡಿದರೆ, ಶ್ರಾವಣದ ಹಬ್ಬಗಳ ಪ್ರಚಾರದ ಖರ್ಚು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ನಿಲ್ಲಿಸಬೇಕು ಎಂಬುದು ಆ ಗೀಟುಗಳನ್ನು ಎಣಿಸಿದರೆ ತಿಳಿಯುತ್ತದೆ.