ಮಾತ್ರೆ ನುಂಗಿ ಕಾಯುವ ಆರು ವಾರ: ತಾಳ್ಮೆ ಬರೀ ರೋಗಿಯ ಜವಾಬ್ದಾರಿನಾ?

ಒಂಬತ್ತನೇ ದಿನ ನಾನು ಮಾತ್ರೆ ನಿಲ್ಲಿಸಿಬಿಟ್ಟೆ.

ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ನೈಟ್ ಶಿಫ್ಟಿನ ಕಸ್ಟಮರ್ ಸಪೋರ್ಟ್ ಕೆಲಸ ಮಾಡ್ತಿದ್ದ ಕಾಲ. ಫೋನ್ ರಿಂಗಾದ್ರೆ ಎದೆ ಡವಡವ, ಕೈ ತಣ್ಣಗೆ, ಏನೋ ಕೆಟ್ಟದ್ದು ಆಗೇ ಆಗುತ್ತೆ ಅನ್ನೋ ಭಯ. ಧೈರ್ಯ ಮಾಡಿ ಮನೋವೈದ್ಯರ ಹತ್ತಿರ ಹೋದೆ. ಐದು ನಿಮಿಷದಲ್ಲಿ ಚೀಟಿ ಬರೆದು, "ಒಂದು ತಿಂಗಳು ಬಿಟ್ಟು ಬನ್ನಿ" ಅಂದರು. ಮೂರನೇ ದಿನಕ್ಕೆ ಹೊಟ್ಟೆ ತೊಳಸೋಕೆ ಶುರುವಾಯ್ತು, ನಿದ್ದೆ ಹಾರಿಹೋಯ್ತು, ಆತಂಕ ಇಳಿಯೋ ಬದಲು ಏರಿತು. ಊರಿಂದ ಅಮ್ಮ, "ಅಭ್ಯಾಸ ಆಗ್ಬಿಟ್ರೆ ಏನ್ ಗತಿ ಮಗಾ, ಬಿಟ್ಬಿಡು" ಅಂದರು. ಬಿಟ್ಟೆ. ಐದು ತಿಂಗಳಾದ ಮೇಲೆ ಕೆಲಸವನ್ನೂ ಬಿಡಬೇಕಾಯ್ತು.

ಆಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯೆಯೊಬ್ಬರು ಅದೇ ಮಾತ್ರೆಯನ್ನೇ ಬರೆದುಕೊಟ್ಟರು. ವ್ಯತ್ಯಾಸ ಇಷ್ಟೇ: ಅವರು ಚೀಟಿಯ ಹಿಂದೆ ಚಿತ್ರ ಬಿಡಿಸಿ, ನಾನು ಏನಕ್ಕೆ ಕಾಯಬೇಕು, ಎಷ್ಟು ದಿನ ಕಾಯಬೇಕು ಅಂತ ಕನ್ನಡದಲ್ಲಿ ಹೇಳಿದರು. ಅವತ್ತು ಅರ್ಥ ಆಗಿದ್ದನ್ನ ಇಲ್ಲಿ ಹಂಚಿಕೊಳ್ತಿದ್ದೇನೆ.

ತಡ ಯಾಕೆ?

ಆತಂಕಕ್ಕೆ ಸಾಮಾನ್ಯವಾಗಿ ಮೊದಲು ಕೊಡೋದು ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಥರದ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿ. ಮಿದುಳಿನ ನರಕೋಶಗಳು ಸೆರೊಟೋನಿನ್ ಅನ್ನೋ ರಾಸಾಯನಿಕವನ್ನ ಹೊರಗೆ ಬಿಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಹೀರಿಕೊಳ್ಳುತ್ತವೆ. ಮಾತ್ರೆ ಈ ಹೀರಿಕೊಳ್ಳುವ ದಾರಿಯನ್ನ ಮುಚ್ಚುತ್ತೆ. ಅದು ಕೆಲವೇ ಗಂಟೆಗಳ ಕೆಲಸ.

ಆದರೆ ನರಕೋಶಕ್ಕೆ ತನ್ನದೇ ಒಂದು ಬ್ರೇಕ್ ಇದೆ. ಸುತ್ತ ಸೆರೊಟೋನಿನ್ ಹೆಚ್ಚಾಯ್ತು ಅಂತ ಗೊತ್ತಾದ ಕೂಡಲೇ ಅದು ಹೊರಗೆ ಬಿಡೋದನ್ನೇ ಕಡಿಮೆ ಮಾಡುತ್ತೆ. ದಿನಾ ಮಾತ್ರೆ ಹೋಗ್ತಾ ಹೋಗ್ತಾ ಈ ಬ್ರೇಕ್ ಸಡಿಲ ಆಗುತ್ತೆ, ಅದಕ್ಕೆ ವಾರಗಳೇ ಬೇಕು. ಜೊತೆಗೆ ನರಕೋಶಗಳ ನಡುವಿನ ಸಂಪರ್ಕಗಳೂ ನಿಧಾನಕ್ಕೆ ಬದಲಾಗುತ್ತವೆ ಅನ್ನೋದು ಸದ್ಯದ ವಿವರಣೆ. ಇದು ಪೂರ್ತಿ ಕತೆ ಅಲ್ಲ. 'ಸೆರೊಟೋನಿನ್ ಕಮ್ಮಿ ಆಗಿದೆ, ತುಂಬಿಸಿದ್ರೆ ಸರಿಹೋಗುತ್ತೆ' ಅನ್ನೋ ಸರಳ ಲೆಕ್ಕವನ್ನ ಈಗ ಬಹಳಷ್ಟು ಸಂಶೋಧಕರೇ ಒಪ್ಪಲ್ಲ.

ಹಾಗಾಗಿ ಕ್ರಮ ಉಲ್ಟಾ ಇರುತ್ತೆ: ತೊಂದರೆ ಮೊದಲು, ಲಾಭ ಆಮೇಲೆ. ವಾಕರಿಕೆ, ತಲೆನೋವು, ನಿದ್ದೆಯ ಏರುಪೇರು, ಚಡಪಡಿಕೆ ಹೆಚ್ಚಾಗಿ ಮೊದಲ 1-2 ವಾರ ಕಾಡುತ್ತವೆ. ಗುಣ ಕಾಣೋಕೆ ಸಾಮಾನ್ಯವಾಗಿ 2ರಿಂದ 6 ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ನಾನು ಬಿಟ್ಟಿದ್ದು ಸರಿಯಾಗಿ ಆ ಕಷ್ಟದ ದಿನಗಳ ನಡುಮಧ್ಯೆ.

ಅಮ್ಮನ ಭಯ ಸುಳ್ಳಾ?

ಪೂರ್ತಿ ಸುಳ್ಳಲ್ಲ, ವಿಳಾಸ ತಪ್ಪಿತ್ತು ಅಷ್ಟೇ. ಕ್ಲೋನಜೆಪಾಮ್, ಆಲ್ಪ್ರಜೋಲಾಮ್ ಥರದ ಮಾತ್ರೆಗಳು ಬೇಗನೇ ಎದೆಬಡಿತ ತಣ್ಣಗೆ ಮಾಡುತ್ತವೆ. ಆದರೆ ಬಹಳ ದಿನ ತಗೊಂಡ್ರೆ ದೇಹ ಅದಕ್ಕೆ ಒಗ್ಗಿಕೊಂಡು, ಬಿಡೋದು ಕಷ್ಟ ಆಗುತ್ತೆ. ಅದಕ್ಕೇ ವೈದ್ಯರು ಕೆಲವೊಮ್ಮೆ ಶುರುವಿನ ದಿನಗಳಿಗೆ ಮಾತ್ರ ಕೊಡ್ತಾರೆ. ಎಸ್‌ಎಸ್‌ಆರ್‌ಐ ಆ ರೀತಿಯ ಚಟ ಹಿಡಿಸಲ್ಲ. ಆದರೆ ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಬಿಡೋದಾದ್ರೂ ವೈದ್ಯರನ್ನ ಕೇಳಿ, ಹಂತಹಂತವಾಗಿ ಬಿಡಬೇಕು.

ಎಲ್ಲಿ ತಾಳ್ಮೆ ಬೇಡ?

ಇದು ಬಹಳ ಮುಖ್ಯ. ಸಾಯಬೇಕು ಅನ್ನೋ ಯೋಚನೆ ಬಂದರೆ ಅಥವಾ ಮೊದಲಿದ್ದದ್ದು ಹೆಚ್ಚಾದರೆ, ಕೂರಲಾರದಷ್ಟು ಚಡಪಡಿಕೆ ಆದರೆ, ನಿದ್ದೆಯೇ ಇಲ್ಲದೆ ವಿಪರೀತ ಹುರುಪು ಬಂದರೆ, ಮೈಮೇಲೆ ದದ್ದು ಎದ್ದರೆ ಮುಂದಿನ ಭೇಟಿಯ ತನಕ ಕಾಯಬಾರದು, ಆ ದಿನವೇ ವೈದ್ಯರಿಗೆ ತಿಳಿಸಬೇಕು. 25ರ ಒಳಗಿನವರಲ್ಲಿ ಶುರುವಿನ ವಾರಗಳಲ್ಲಿ ಇಂಥ ಯೋಚನೆ ಹೆಚ್ಚಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಮೇಲೆ ಎಚ್ಚರಿಕೆ ಹಾಕಿಸಿದೆ. ಈ ಲೇಖನ ಓದುವ ಬಹುತೇಕರ ವಯಸ್ಸು ಅದೇ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿ ದಿನದ 24 ಗಂಟೆಯೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು.

ತಾಳ್ಮೆಗೂ ಒಂದು ಕಾನೂನು

'ಸ್ವಲ್ಪ ತಾಳ್ಮೆ ಇರಲಿ' ಅನ್ನೋದು ಸುಲಭ. ಆದರೆ ಏನಕ್ಕೆ ಕಾಯ್ತಿದ್ದೀನಿ ಅಂತಾನೇ ಗೊತ್ತಿಲ್ಲದವರ ಹತ್ತಿರ ಅದನ್ನ ಕೇಳೋದು ಅನ್ಯಾಯ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ 22ನೇ ಸೆಕ್ಷನ್ ಪ್ರಕಾರ, ನನ್ನ ಕಾಯಿಲೆ ಏನು, ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡಪರಿಣಾಮಗಳೇನು ಅಂತ ತಿಳಿದುಕೊಳ್ಳೋದು ನನ್ನ ಹಕ್ಕು. ಅದೂ ನನಗೆ ಅರ್ಥವಾಗುವ ಭಾಷೆಯಲ್ಲಿ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರೋ ಔಷಧಿ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು ಅಂತ 18ನೇ ಸೆಕ್ಷನ್ ಹೇಳುತ್ತೆ. ಕನ್ನಡ ಬೋರ್ಡಿಗಾಗಿ ಬೀದಿಗಿಳಿಯುವ ನಾವು, ಮಾತ್ರೆಯ ವಿವರ ಕನ್ನಡದಲ್ಲಿ ಹೇಳಿ ಅಂತ ವೈದ್ಯರನ್ನ ಕೇಳೋಕೆ ಯಾಕೆ ಹಿಂಜರಿತೀವಿ?

ರಜೆಯ ಮಾತೂ ಇದೆ. ವಾಂತಿ ಬಂದಂತಾಗ್ತಿರುವಾಗ ಹೆಡ್‌ಸೆಟ್ ಹಾಕ್ಕೊಂಡು ಬೈಗುಳ ಕೇಳುವವರಿಗೆ, ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆ ಕ್ಯೂನಲ್ಲಿ ನಿಲ್ಲುವವರಿಗೆ ಆರು ವಾರ ಅನ್ನೋದು ದುಬಾರಿ. ಅಲ್ಲಿ ಸೋಲೋದು ಅವರ ಮನೋಬಲ ಅಲ್ಲ.

ನೀವು ಶುರು ಮಾಡೋದಾದ್ರೆ ಎದ್ದು ಬರುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಇದು ಯಾವಾಗಿಂದ ಕೆಲಸ ಮಾಡುತ್ತೆ? ಮೊದಲ ಎರಡು ವಾರ ಏನಾಗಬಹುದು? ಏನಾದ್ರೆ ತಕ್ಷಣ ಬರಬೇಕು? ಎಷ್ಟು ವಾರದಲ್ಲಿ ಗುಣ ಕಾಣದಿದ್ರೆ ಡೋಸ್ ಅಥವಾ ಔಷಧಿ ಬದಲಾಯಿಸ್ತೀರಿ? ಕಾಯೋದಕ್ಕೂ ಒಂದು ಕೊನೆ ಇದೆ ಅಂತ ಗೊತ್ತಾದ್ರೆ ಕಾಯೋದು ಹಗುರ ಆಗುತ್ತೆ.

ಎರಡನೇ ಸಲ ನಾನು ದಿನಾ ರಾತ್ರಿ ನೋಟ್‌ಬುಕ್ಕಿನಲ್ಲಿ ಆತಂಕಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಬರೀತಿದ್ದೆ. 8, 9, 8, 8. ನಾಲ್ಕನೇ ವಾರ 6. ಐದನೇ ವಾರ ಒಂದು ಸಂಜೆ ಫೋನ್ ರಿಂಗಾಯ್ತು, ಎತ್ತಿ ಮಾತಾಡಿ ಇಟ್ಟೆ. ಎದೆ ಹೊಡ್ಕೊಂಡಿಲ್ಲ ಅಂತ ಹೊಳೆದಿದ್ದು ಆಮೇಲೆ. ಫೋನ್ ಅಮ್ಮನದೇ. "ಮಾತ್ರೆ ಬಿಟ್ಯಾ?" ಅಂತ ಕೇಳಿದ್ರು. ಇಲ್ಲಮ್ಮ, ಇನ್ನೂ ಇದೆ ಅಂದೆ. ಅವತ್ತು ವೈದ್ಯೆ ಬಿಡಿಸಿದ ಚಿತ್ರವನ್ನ ಮುಂದಿನ ವಾರ ಊರಿಗೆ ಹೋದಾಗ ಅವರಿಗೂ ಬಿಡಿಸಿ ತೋರಿಸಿದೆ.